ವಿದ್ಯಾರ್ಥಿನಿಲಯದ ನಿಯಮಗಳು ಮತ್ತು ಶ್ರಾವಕಧರ್ಮ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ಕರ್ತವ್ಯಗಳೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಈ ದಾನಗಳಲ್ಲಿ ನಿರತರಾಗಿದ್ದ ಧರ್ಮಿಷ್ಠರನ್ನು ಕನ್ನಡನಾಡಿನ ಶಿಲಾಶಾಸನಗಳು ಮತ್ತೆ ಮತ್ತೆ ಕೊಂಡಾಡಿವೆ. ಈ ನಾಲ್ಕೂ ದಾನಗಳು ಒಂದೇ ಸೂರಿನಡಿ ನಡೆಯಬಹುದಾದ ಸ್ಥಳ ಯಾವುದೆಂದು ಕೇಳಿದರೆ, ವಿದ್ಯಾರ್ಥಿನಿಲಯವೆಂದು ನಿಸ್ಸಂಶಯವಾಗಿ ಹೇಳಬಹುದು. ಊರು ಬಿಟ್ಟು ಬಂದ ವಿದ್ಯಾರ್ಥಿಗೆ ಅಲ್ಲಿ ಅನ್ನ ದೊರೆಯುತ್ತದೆ. ಕಾಯಿಲೆಯಾದರೆ ಶುಶ್ರೂಷೆ ದೊರೆಯುತ್ತದೆ. ಓದಿಗೆ ಅನುಕೂಲ ದೊರೆಯುತ್ತದೆ. ಅಪರಿಚಿತ ನಗರದಲ್ಲಿ ತಾನು ಒಂಟಿಯಲ್ಲ ಎಂಬ ಅಭಯವೂ ದೊರೆಯುತ್ತದೆ.

ಆದರೆ ಹತ್ತಾರು ಮಕ್ಕಳು ಕೂಡಿ ಬಾಳುವ ಕಡೆ ನಿಯಮಗಳು ಬೇಕೇ ಬೇಕು. ನಿಯಮವಿಲ್ಲದ ನಿಲಯ ಛತ್ರವಾಗುತ್ತದೆ. ನಿಯಮವೇ ಸರ್ವಸ್ವವಾದರೆ ಅದು ಬಂದೀಖಾನೆಯಾಗುತ್ತದೆ. ಯಾವ ನಿಯಮ ಧರ್ಮವನ್ನು ಕಾಯುತ್ತದೆ, ಯಾವುದು ಕೇವಲ ರೂಢಿಯನ್ನು ಕಾಯುತ್ತದೆ ಎಂಬ ವಿವೇಕ ನಿಲಯ ನಡೆಸುವವರಿಗೆ ಅತ್ಯಗತ್ಯ. ಈ ವಿಷಯವನ್ನು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿ ನಡೆದ ಒಂದು ಐತಿಹಾಸಿಕ ಪ್ರಸಂಗದ ಹಿನ್ನೆಲೆಯಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಬೋರ್ಡಿಂಗುಗಳು ಹುಟ್ಟಿದ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ, ಪುಣೆ, ಕೊಲ್ಹಾಪುರಗಳಲ್ಲಿ ಕಾಲೇಜುಗಳು ಬೆಳೆದವು. ಆದರೆ ಹಳ್ಳಿಯ ಜೈನ ಕೃಷಿಕನ ಮಗ ಅಲ್ಲಿಗೆ ಹೋಗಿ ಓದುವುದು ಸುಲಭವಾಗಿರಲಿಲ್ಲ. ಖರ್ಚಿನ ಮಾತು ಹಾಗಿರಲಿ, ಊಟದ ಪ್ರಶ್ನೆಯೇ ದೊಡ್ಡದಾಗಿತ್ತು. ಸೂರ್ಯಾಸ್ತದ ಮೊದಲು ಊಟ, ಸೋಸಿದ ನೀರು, ಕಂದಮೂಲಗಳ ವರ್ಜನೆ ಇವುಗಳನ್ನು ಪಾಲಿಸಿಕೊಂಡು ಪರಸ್ಥಳದಲ್ಲಿ ಇರುವುದು ಹೇಗೆ? ಮಗ ಓದಲು ಹೋಗಿ ಆಚಾರ ಕಳೆದುಕೊಂಡಾನೆಂಬ ಭಯದಿಂದ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಊರಿನ ಶಾಲೆಗೇ ನಿಲ್ಲಿಸಿಬಿಡುತ್ತಿದ್ದರು.

ಈ ಕೊರತೆಯನ್ನು ಮನಗಂಡವರಲ್ಲಿ ಮುಂಬಯಿಯ ಮುತ್ತಿನ ವ್ಯಾಪಾರಿ ಶೇಠ್ ಮಾಣಿಕಚಂದ್ ಹೀರಾಚಂದ್ ಅವರು ಅಗ್ರಗಣ್ಯರು. ತಮ್ಮ ತಂದೆಯವರ ಹೆಸರಿನಲ್ಲಿ ಮುಂಬಯಿಯಲ್ಲಿ ಬೋರ್ಡಿಂಗನ್ನು ಸ್ಥಾಪಿಸಿದ್ದಲ್ಲದೆ ಬೇರೆ ಊರುಗಳ ನಿಲಯಗಳಿಗೂ ಅವರು ನೆರವಾದರು. ಇತ್ತ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಯಾಯಿತು. ಕನ್ನಡ ಮತ್ತು ಮರಾಠಿ ಮಾತನಾಡುವ ಜೈನರಿಬ್ಬರಿಗೂ ಸೇರಿದ ಈ ಸಭೆಯು ವಿದ್ಯಾಪ್ರಸಾರವನ್ನೇ ತನ್ನ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡಿತು.

ಕೊಲ್ಹಾಪುರದಲ್ಲಿ ಆಗ ಛತ್ರಪತಿ ಶಾಹೂ ಮಹಾರಾಜರ ಆಳ್ವಿಕೆ. ಹಿಂದುಳಿದ ಜನಾಂಗಗಳ ಮಕ್ಕಳು ನಗರಕ್ಕೆ ಬಂದು ಓದಬೇಕಾದರೆ ಶಾಲೆಗಿಂತ ಮೊದಲು ವಸತಿ ಬೇಕೆಂಬುದನ್ನು ಮಹಾರಾಜರು ಚೆನ್ನಾಗಿ ಅರಿತಿದ್ದರು. ಅಂದಿನ ಸಾಮಾಜಿಕ ಸ್ಥಿತಿಯಲ್ಲಿ ಎಲ್ಲ ಜಾತಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವ ನಿಲಯ ನಡೆಯುವುದು ದುಸ್ಸಾಧ್ಯವಾಗಿತ್ತು. ಆದ್ದರಿಂದ ಒಂದೊಂದು ಸಮಾಜಕ್ಕೂ ಒಂದೊಂದು ನಿಲಯವೆಂಬ ಮಾರ್ಗವನ್ನು ಅವರು ಹಿಡಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭವಾಯಿತು. ಅದೇ ದಶಕದಲ್ಲಿ ದಿಗಂಬರ ಜೈನ, ಲಿಂಗಾಯತ, ಮುಸಲ್ಮಾನ ಮುಂತಾದ ಸಮಾಜಗಳ ನಿಲಯಗಳು ತಲೆಯೆತ್ತಿದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್ ಸ್ಥಾಪನೆಯಾಯಿತು. ಮುಂಬಯಿಯ ಗವರ್ನರರಾಗಿದ್ದ ಸರ್ ಜಾರ್ಜ್ ಕ್ಲಾರ್ಕ್ ಅವರ ಮಗಳ ಹೆಸರನ್ನು ಅದಕ್ಕೆ ಇಡಲಾಗಿತ್ತು.

ಒಂದು ಸ್ನಾನದ ಪ್ರಶ್ನೆ

ಈ ಕಾಲದಲ್ಲಿ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿ ಭಾವೂರಾವ್ ಪಾಟೀಲ ಎಂಬ ವಿದ್ಯಾರ್ಥಿ ಇದ್ದನು. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದವನು. ಕುಂಭೋಜ ಬಾಹುಬಲಿ ಕ್ಷೇತ್ರದ ಯಾತ್ರೆ ಮಾಡಿದ ನಮ್ಮ ಓದುಗರಿಗೆ ಆ ಊರಿನ ಪರಿಚಯ ಇದ್ದೇ ಇದೆ. ಓದಿನಲ್ಲಿ ಅಷ್ಟೇನೂ ಮುಂದಿರಲಿಲ್ಲ. ಆದರೆ ಮೈಕಟ್ಟಿನ, ನಿರ್ಭೀತ ಸ್ವಭಾವದ ಹುಡುಗ. ನಿಲಯದ ಮೇಲ್ವಿಚಾರಣೆ ಅಣ್ಣಾಸಾಹೇಬ ಲಠ್ಠೆಯವರದಾಗಿತ್ತು.

ಮಿಸ್ ಕ್ಲಾರ್ಕ್ ಹಾಸ್ಟೆಲಿನ ಪ್ರಾರಂಭೋತ್ಸವಕ್ಕೆ ಭಾವೂರಾವ್ ಹೋಗಿದ್ದನು. ಹಿಂದಿರುಗಿ ಬಂದಾಗ, ಅಸ್ಪೃಶ್ಯರ ನಡುವೆ ಇದ್ದು ಬಂದುದರಿಂದ ಸ್ನಾನ ಮಾಡಿಯೇ ಊಟಕ್ಕೆ ಕೂರಬೇಕೆಂದು ಅವನಿಗೆ ಹೇಳಲಾಯಿತು. ಅವನು ಒಪ್ಪಲಿಲ್ಲ. ಮನುಷ್ಯರ ನಡುವೆ ಕುಳಿತು ಬಂದವನಿಗೆ ಶುದ್ಧಿಯ ಅವಶ್ಯಕತೆ ಏಕೆಂಬುದು ಅವನ ನಿಲುವು. ಫಲವಾಗಿ ಅವನು ಬೋರ್ಡಿಂಗನ್ನು ಬಿಡಬೇಕಾಯಿತು. ಮುಂದೆ ಶಾಹೂ ಮಹಾರಾಜರ ಅರಮನೆಯಲ್ಲಿ ಅವನಿಗೆ ಆಶ್ರಯ ದೊರೆಯಿತು ಎಂದು ಅವನ ಜೀವನಚರಿತ್ರೆಗಳು ತಿಳಿಸುತ್ತವೆ.

ಇಲ್ಲಿ ಲಠ್ಠೆಯವರನ್ನು ಖಳನಾಯಕರಂತೆ ಚಿತ್ರಿಸುವುದು ಅನ್ಯಾಯವಾದೀತು. ಅವರು 1905ರಷ್ಟು ಹಿಂದೆಯೇ ಜೈನಧರ್ಮವನ್ನು ಪರಿಚಯಿಸುವ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರು, ಸಮಾಜಸುಧಾರಕರು, ಮುಂದೆ ಕೊಲ್ಹಾಪುರದ ದಿವಾನರೂ, 1937ರಿಂದ 1939ರವರೆಗೆ ಮುಂಬಯಿ ಪ್ರಾಂತ್ಯದ ಅರ್ಥಸಚಿವರೂ ಆದವರು. ಅಂಥವರೂ ಆ ನಿಯಮವನ್ನು ಜಾರಿಗೆ ತಂದರೆಂದರೆ ನಿಲಯ ನಡೆಸುವವನ ಸಂಕಟವೇನೆಂಬುದನ್ನು ನಾವು ಊಹಿಸಬಹುದು. ಆಚಾರ ಕೆಡುವುದಿಲ್ಲವೆಂಬ ಭರವಸೆಯ ಮೇಲೆ ಪಾಲಕರು ಮಕ್ಕಳನ್ನು ಕಳಿಸಿದ್ದರು. ಅದೇ ಭರವಸೆಯ ಮೇಲೆ ದಾನಿಗಳು ಹಣ ಕೊಟ್ಟಿದ್ದರು. ಒಬ್ಬ ಹುಡುಗನಿಗೆ ವಿನಾಯಿತಿ ಕೊಟ್ಟರೆ ನಿಲಯವೇ ಬರಿದಾದೀತೆಂಬ ಅಂಜಿಕೆ ಯಾವ ವ್ಯವಸ್ಥಾಪಕನಿಗಾದರೂ ಇರುವಂಥದೇ. ಇಂದಿನ ಟ್ರಸ್ಟುಗಳ ಸದಸ್ಯರಿಗೂ ಈ ಅಂಜಿಕೆ ಅಪರಿಚಿತವಲ್ಲ.

ಶಾಸ್ತ್ರದ ಒರೆಗಲ್ಲು

ಆದರೂ ಆ ನಿಯಮ ಧರ್ಮಸಮ್ಮತವಾಗಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರಕ್ಕಾಗಿ ನಾವು ಬೇರೆಡೆಗೆ ಹೋಗಬೇಕಾಗಿಲ್ಲ. ಪ್ರತಿಯೊಂದು ಜೈನ ಪಾಠಶಾಲೆಯಲ್ಲಿಯೂ ಓದಿಸುವ ಸ್ವಾಮಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೇ ಸಾಕು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ದೇಹವು ಸ್ವಭಾವದಿಂದಲೇ ಅಶುಚಿ. ರತ್ನತ್ರಯದಿಂದ ಮಾತ್ರ ಅದು ಪವಿತ್ರವಾಗುತ್ತದೆ. ಆದ್ದರಿಂದ ದೇಹವನ್ನು ನೋಡಿ ಜುಗುಪ್ಸೆಪಡದೆ ಗುಣವನ್ನು ನೋಡಿ ಪ್ರೀತಿಪಡಬೇಕೆಂಬುದು ಅದರ ತಾತ್ಪರ್ಯ. ಅದೇ ಗ್ರಂಥದಲ್ಲಿ ಎಂಟು ಮದಗಳನ್ನು ಹೇಳುವಾಗ ಆಚಾರ್ಯರು ಕುಲಮದ, ಜಾತಿಮದಗಳನ್ನು ಸ್ಪಷ್ಟವಾಗಿ ಸೇರಿಸಿದ್ದಾರೆ. ಚಾಂಡಾಲಕುಲದಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನಸಂಪನ್ನನಾದರೆ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ಸುಳ್ಳವನು, ದೇವಸಮಾನನು ಎಂದಿದ್ದಾರೆ. ಇಷ್ಟನ್ನು ಬೆಳಗಿನ ಪಾಠದಲ್ಲಿ ಕಂಠಪಾಠ ಮಾಡಿಸಿ, ಸಂಜೆ ಅದೇ ಕುಲದ ಬಾಲಕರ ಬಳಿ ಕುಳಿತು ಬಂದವನಿಗೆ ಶುದ್ಧಿಸ್ನಾನ ವಿಧಿಸಿದರೆ, ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಇನ್ನೊಂದು ಅಂಗ ಸ್ಥಿತೀಕರಣ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ವಾತ್ಸಲ್ಯದಿಂದ ಮರಳಿ ನಿಲ್ಲಿಸುವುದೇ ಸ್ಥಿತೀಕರಣ. ಭಾವೂರಾವ್ ಜಾರಿದ್ದನೆಂದೇ ವಾದಕ್ಕೆ ಒಪ್ಪಿಕೊಂಡರೂ, ಹೊರಹಾಕುವುದರಿಂದ ಸ್ಥಿತೀಕರಣವಾಗುವುದಿಲ್ಲ. ಹೊರಗೆ ಹೋದವನನ್ನು ತಿದ್ದುವ ಅವಕಾಶವೇ ನಮಗೆ ಉಳಿಯುವುದಿಲ್ಲ.

ಆಚಾರ್ಯರು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಯಮ, ನಿಯಮಗಳ ಭೇದವನ್ನು ಹೇಳುತ್ತಾರೆ. ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ಬದುಕಿರುವವರೆಗೆ ಹಿಡಿಯುವುದು ಯಮ. ಈ ಭೇದವನ್ನು ವಿದ್ಯಾರ್ಥಿನಿಲಯಕ್ಕೂ ಅನ್ವಯಿಸಬಹುದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಇಷ್ಟು ಗಂಟೆಗೆ ಏಳಬೇಕು, ಇಷ್ಟು ಗಂಟೆಗೆ ದೀಪ ಆರಿಸಬೇಕು, ಬಾಗಿಲು ಮುಚ್ಚುವುದರೊಳಗೆ ಬರಬೇಕು ಎಂಬುವೆಲ್ಲ ನಿಯಮಗಳು. ನಿಲಯ ಬಿಟ್ಟ ದಿನ ಮುಗಿಯುತ್ತವೆ. ಸತ್ಯ, ಅಹಿಂಸೆ, ಪರರ ವಸ್ತುವನ್ನು ಮುಟ್ಟದಿರುವುದು, ಸಹಪಾಠಿಯನ್ನು ತನ್ನಂತೆಯೇ ಕಾಣುವುದು ಇವು ಯಮಗಳು. ನಿಲಯ ಬಿಟ್ಟ ಮೇಲೆಯೂ ಜತೆಗೆ ಬರಬೇಕಾದಂಥವು. ನಿಯಮವಿರುವುದು ಯಮವನ್ನು ಅಭ್ಯಾಸ ಮಾಡಿಸಲು. ಯಮಕ್ಕೆ ವಿರುದ್ಧವಾದ ನಿಯಮ ಎಷ್ಟು ಹಳೆಯದಾದರೂ ತ್ಯಾಜ್ಯವೇ.

ಹೊರಹೋದವನ ಸತ್ಯವ್ರತ

ಮುಂದೆ ನಡೆದುದು ಇನ್ನೂ ಮನನೀಯವಾದದ್ದು. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಹೊತ್ತಿಗೆ ಸಂಸ್ಥಾನದ ಅವಕೃಪೆಗೆ ಪಾತ್ರರಾಗಿದ್ದ ಲಠ್ಠೆಯವರ ಮೇಲೆ ಆ ಅಪರಾಧವನ್ನು ಹೊರಿಸುವ ಪ್ರಯತ್ನ ನಡೆಯಿತು. ಅವರ ವಿರುದ್ಧ ಸುಳ್ಳು ಸಾಕ್ಷಿ ಹೇಳಬೇಕೆಂದು ಪೊಲೀಸರು ಭಾವೂರಾವ್ ಪಾಟೀಲರನ್ನು ಹಿಡಿದು ಒತ್ತಾಯಪಡಿಸಿದರು, ಚಿತ್ರಹಿಂಸೆ ಕೊಟ್ಟರು.

ತಮ್ಮನ್ನು ನಿಲಯದಿಂದ ಹೊರಹಾಕಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೊಂದಿರಲಿಲ್ಲ. ಒಂದು ಮಾತು ಹೇಳಿದ್ದರೆ ಹಿಂಸೆಯೂ ತಪ್ಪುತ್ತಿತ್ತು. ಅವರು ಆ ಮಾತನ್ನು ಹೇಳಲಿಲ್ಲ. ಸ್ನಾನದ ನಿಯಮವನ್ನು ಮುರಿದವನೆಂದು ಹೊರಬಿದ್ದ ವಿದ್ಯಾರ್ಥಿಯು ಸತ್ಯಾಣುವ್ರತವನ್ನು ಪ್ರಾಣಸಂಕಟದಲ್ಲಿಯೂ ಮುರಿಯಲಿಲ್ಲ. ಕೂಟಸಾಕ್ಷಿ ಹೇಳದಿರುವುದು ಶ್ರಾವಕನ ಲಕ್ಷಣವೆಂದು ನಾವು ಓದುತ್ತೇವೆ. ಅದನ್ನು ಬಾಳಿ ತೋರಿಸಿದವರು ವಿರಳ. ಆ ಪ್ರಕರಣದ ತರುವಾಯ ಲಠ್ಠೆಯವರು ಕೊಲ್ಹಾಪುರ ಬಿಟ್ಟು ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನು ಮುಂದುವರಿಸಿದರು.

ಸಾತಾರೆಯ ನಿಲಯ

ಕಿರ್ಲೋಸ್ಕರ ಕಾರಖಾನೆಯ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿ ತಿರುಗಿದ ಪಾಟೀಲರಿಗೆ ರೈತರ ಮಕ್ಕಳ ನಿರಕ್ಷರತೆಯ ದರ್ಶನವಾಯಿತು. 1919ರಲ್ಲಿ ಕರ್‍ಹಾಡದ ಬಳಿಯ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಂಸ್ಥೆಯ ಕೇಂದ್ರವು ಸಾತಾರೆಗೆ ಬಂದಿತು. ಅಲ್ಲಿ ಎಲ್ಲ ಜಾತಿಗಳ ಬಾಲಕರಿಗಾಗಿ ಒಂದೇ ನಿಲಯ ಆರಂಭವಾಯಿತು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ಹೆಸರನ್ನು ಕೊಟ್ಟರು.

ಗಮನಿಸಬೇಕಾದ ಅಂಶವೆಂದರೆ, ನಿಯಮದ ದೆಸೆಯಿಂದ ನಿಲಯ ಬಿಟ್ಟವರು ನಿಯಮವಿಲ್ಲದ ನಿಲಯವನ್ನು ಕಟ್ಟಲಿಲ್ಲ. ಸಾತಾರೆಯ ನಿಯಮಗಳು ಬಹುಶಃ ಕೊಲ್ಹಾಪುರದವುಗಳಿಗಿಂತ ಕಠಿಣವಾಗಿದ್ದವು. ಮಕ್ಕಳೇ ನೀರು ತರಬೇಕು, ಅಡಿಗೆ ಮಾಡಬೇಕು, ಪಾತ್ರೆ ಬೆಳಗಬೇಕು, ಹೊಲದಲ್ಲಿ ದುಡಿಯಬೇಕು. ಮಹಾರರ ಹುಡುಗನೂ ಮರಾಠರ ಹುಡುಗನೂ ಜೈನರ ಹುಡುಗನೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ಈ ಕಷ್ಟದಲ್ಲಿ ಎಲ್ಲರ ಪಾಲೂ ಸಮನಾಗಿತ್ತು. ಯಾರನ್ನೂ ಕೀಳುಗಳೆಯುವ ನಿಯಮ ಒಂದೂ ಇರಲಿಲ್ಲ.

ನಿಲಯದ ಬೊಕ್ಕಸ ಸದಾ ಬರಿದು. ಹಳ್ಳಿಯ ಗೃಹಿಣಿಯರು ಎತ್ತಿಡುತ್ತಿದ್ದ ಮುಷ್ಟಿಧಾನ್ಯ ಅದರ ಒಂದು ಆಸರೆ. ಸಂಪ್ರದಾಯಸ್ಥ ಜೈನ ಮನೆಯಲ್ಲಿ ಬೆಳೆದ ಪಾಟೀಲರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾದರು. ಆ ಮಕ್ಕಳ ಊಟಕ್ಕಾಗಿ ಒಡವೆಗಳನ್ನು ಒಂದೊಂದಾಗಿ ಕಳೆದುಕೊಂಡು ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1930ರಲ್ಲಿ ಅವರು ತೀರಿಕೊಂಡರು. ಆಹಾರದಾನದ ಮಹಿಮೆಯನ್ನು ಹೇಳುವಾಗ ನಾವು ಪುರಾಣದ ಶ್ರೇಯಾಂಸ ರಾಜನನ್ನು ನೆನೆಯುತ್ತೇವೆ; ಈ ತಾಯಿಯನ್ನೂ ನೆನೆಯುವುದು ಉಚಿತ. 1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾದಾಗ, ದುಡಿದು ಕಲಿಯುವ ಈ ಪದ್ಧತಿ ಕಾಲೇಜು ವಿದ್ಯಾರ್ಥಿಗಳ ವಸತಿಗೂ ವಿಸ್ತರಿಸಿತು. ಕರ್ಮವೀರರೆಂದು ಜನ ಕರೆದ ಪಾಟೀಲರಿಗೆ 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಅವರು ನಿಧನರಾದರು.

ನಮ್ಮ ಟ್ರಸ್ಟುಗಳು ಚಿಂತಿಸಬೇಕಾದುದು

ಇಂದಿಗೂ ನಮ್ಮ ಅನೇಕ ಟ್ರಸ್ಟುಗಳು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ನಮ್ಮ ಮಕ್ಕಳು ವಿಶ್ವವಿದ್ಯಾಲಯಗಳ ದೊಡ್ಡ ವಸತಿಗೃಹಗಳಲ್ಲಿಯೂ ಇದ್ದಾರೆ. ಹೊಸಬರನ್ನು ಪೀಡಿಸುವ ರ್‍ಯಾಗಿಂಗ್ ಎಂಬ ಕ್ರೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ವಿನಿಯಮಗಳನ್ನು ಹೊರಡಿಸಿ, ವಿದ್ಯಾರ್ಥಿ ಮತ್ತು ಪಾಲಕರಿಬ್ಬರಿಂದಲೂ ಪ್ರಮಾಣಪತ್ರ ಪಡೆಯುವುದನ್ನು ಕಡ್ಡಾಯಗೊಳಿಸಿತು. ಮನೋವಚನಕಾಯಗಳಿಂದ ಯಾರನ್ನೂ ನೋಯಿಸಬಾರದೆಂಬ ಧರ್ಮವನ್ನು ಹುಟ್ಟಿನಿಂದ ಕೇಳುತ್ತ ಬಂದ ನಮ್ಮ ಮನೆಯ ಮಕ್ಕಳಿಗೆ ಆ ಸಹಿ ಬರಿಯ ಕಾಗದದ ಶಾಸ್ತ್ರವಾಗಬಾರದು. ಹಾಕುವ ಮೊದಲು ತಂದೆ ಮಗ, ತಾಯಿ ಮಗಳು ಕುಳಿತು ಅದನ್ನು ಓದಬೇಕು.

ನಿಲಯ ನಡೆಸುವವರು ವರ್ಷಕ್ಕೊಮ್ಮೆ, ಲೆಕ್ಕಪತ್ರಗಳನ್ನು ಪರಿಶೋಧಿಸುವಂತೆಯೇ, ನಿಯಮಾವಳಿಯನ್ನೂ ಪರಿಶೋಧಿಸುವುದು ಒಳ್ಳೆಯದು. ವ್ಯಾಪಾರಿಯಾದ ನನಗೆ ಈ ಉಪಮೆ ಸಹಜವಾಗಿ ಹೊಳೆಯುತ್ತದೆ: ಎಂದೋ ಬರೆದ ಬಾಕಿಯನ್ನು ಪರೀಕ್ಷಿಸದೆ ವರ್ಷವರ್ಷವೂ ಮುಂದಕ್ಕೆ ಒಯ್ಯುತ್ತ ಹೋದರೆ ಖಾತೆ ಸುಳ್ಳಾಗುತ್ತದೆ. ಪ್ರತಿಯೊಂದು ನಿಯಮದ ಮುಂದೆಯೂ ಮೂರು ಪ್ರಶ್ನೆಗಳನ್ನಿಡಬೇಕು. ಈ ನಿಯಮ ಯಾವ ವ್ರತದ ಅಭ್ಯಾಸಕ್ಕೆ ಸಾಧನ? ಇದರ ಕಾರಣವನ್ನು ವಿದ್ಯಾರ್ಥಿಗೆ ಮುಚ್ಚುಮರೆಯಿಲ್ಲದೆ ಹೇಳಬಲ್ಲೆವೇ? ಇದರಿಂದ ಯಾವ ಮನುಷ್ಯನಿಗಾದರೂ ಅವಮಾನವಾಗುತ್ತದೆಯೇ?

ಸೂರ್ಯಾಸ್ತದ ಮೊದಲು ಊಟವೆಂಬ ನಿಯಮ ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಅದು ಜೀವದಯೆಗೆ ಸಾಧನ, ಅದರ ಕಾರಣವನ್ನು ಯಾರಿಗಾದರೂ ಹೇಳಬಹುದು. ಆದರೆ ಸಂಜೆಯವರೆಗೆ ಪ್ರಯೋಗಶಾಲೆಯಲ್ಲಿರಬೇಕಾದ ವಿದ್ಯಾರ್ಥಿಗೆ ಬುತ್ತಿಯ ಏರ್ಪಾಡು ಮಾಡದೆ ನಿಯಮವನ್ನು ಮಾತ್ರ ಹೇರಿದರೆ ಅವನು ಉಪವಾಸವಿರುತ್ತಾನೆ, ಇಲ್ಲವೇ ಹೊರಗೆ ತಿಂದು ಸುಳ್ಳು ಹೇಳುತ್ತಾನೆ. ನಿಯಮ ಉಳಿಯಿತು, ಸತ್ಯ ಅಳಿಯಿತು ಎಂದಾಗುತ್ತದೆ. ಹಾಗೆಯೇ ಬಾಲಕರ ನಿಲಯಕ್ಕಿಲ್ಲದ ನಿರ್ಬಂಧವನ್ನು ಬಾಲಕಿಯರ ನಿಲಯಕ್ಕೆ ವಿಧಿಸುವಾಗ, ಅದರ ಹಿಂದಿರುವುದು ಅವರ ರಕ್ಷಣೆಯೋ ಅವರ ಮೇಲಿನ ಅವಿಶ್ವಾಸವೋ ಎಂದು ಕೇಳಿಕೊಳ್ಳಬೇಕು.

ತಪ್ಪಿದ ವಿದ್ಯಾರ್ಥಿಯ ವಿಷಯದಲ್ಲಿ ಹೊರಹಾಕುವುದು ಕೊನೆಯ ಮಾರ್ಗವಾಗಿರಲಿ. ಆಲೋಚನೆ, ಪ್ರಾಯಶ್ಚಿತ್ತ, ಸ್ಥಿತೀಕರಣಗಳೆಂಬ ಕ್ರಮವನ್ನು ನಮ್ಮ ಶಾಸ್ತ್ರಗಳು ಮುನಿಗಳಿಗೂ ಶ್ರಾವಕರಿಗೂ ಹೇಳಿವೆ. ಹದಿನೆಂಟು ವರ್ಷದ ವಿದ್ಯಾರ್ಥಿಗೆ ಅದಕ್ಕಿಂತ ಕಠೋರವಾದ ದಂಡ ಏಕೆ? ಇನ್ನೊಬ್ಬರ ಮೇಲೆ ಹಿಂಸೆ ನಡೆಸಿದವನ ವಿಷಯ ಬೇರೆ. ಅಲ್ಲಿ ಪೀಡಿತನಿಗೆ ಅಭಯ ಕೊಡುವುದು ಮೊದಲ ಧರ್ಮ. ಆದರೆ ನಿಯಮವನ್ನು ಪ್ರಶ್ನಿಸಿದ ಮಾತ್ರಕ್ಕೆ ಯಾರನ್ನೂ ದುಷ್ಟನೆಂದು ಎಣಿಸಬಾರದು. ಕೊಲ್ಹಾಪುರದಲ್ಲಿ ಅಂದು ಪ್ರಶ್ನೆ ಕೇಳಿ ಹೊರನಡೆದವನು ಮುಂದೆ ಸಾವಿರಾರು ಮಕ್ಕಳಿಗೆ ಸೂರು ಕಟ್ಟಿದನು. ನಮ್ಮ ನಿಲಯಗಳಲ್ಲಿ ಅಂಥ ಪ್ರಶ್ನೆ ಮತ್ತೆ ಕೇಳಿಬಂದರೆ, ಕೇಳಿದವನನ್ನು ಕೂರಿಸಿಕೊಂಡು ಉತ್ತರ ಹೇಳುವಷ್ಟು ತಾಳ್ಮೆ ನಮ್ಮಲ್ಲಿರಲಿ.