70 ತುಂಬಿದವರು ಹಳೆಯ ಆರೋಗ್ಯ ವಿಮೆ ನಿಲ್ಲಿಸಬೇಕೇ?

‘70 ವರ್ಷ ತುಂಬಿದರೆ ಸರ್ಕಾರದಿಂದ 5 ಲಕ್ಷ, ಖಾಸಗಿ ವಿಮೆ ಇನ್ನು ದಂಡ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧ ಸತ್ಯ.

ಆಯುಷ್ಮಾನ್ ವಯ ವಂದನಾ ಯೋಜನೆ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಇದಕ್ಕೆ ಆದಾಯ ಮಿತಿ ಇಲ್ಲ. ಆದರೆ ಹಣ ಕೈಗೆ ಸಿಗದು. ಆಸ್ಪತ್ರೆಗೆ ದಾಖಲಾದರೆ ಮಾತ್ರ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಗಂಡ, ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಅದೇ 5 ಲಕ್ಷ ಇಬ್ಬರಿಗೂ ಸೇರಿ. ತಿಂಗಳ ಬಿಪಿ, ಶುಗರ್ ಮಾತ್ರೆಗೆ ಇದು ಒದಗದು.

ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರು ಎರಡನ್ನೂ ಇಟ್ಟುಕೊಳ್ಳಬಹುದು. ಒಂದನ್ನೇ ಆರಿಸಬೇಕಾದವರು ಸಿಜಿಎಚ್‌ಎಸ್ ಪಿಂಚಣಿದಾರರು, ಇಸಿಎಚ್‌ಎಸ್‌ನ ಮಾಜಿ ಸೈನಿಕರಂಥವರು. ಇವರಿಗೆ ಹೊರರೋಗಿ ಚಿಕಿತ್ಸೆ, ಔಷಧಿಯೂ ಸಿಗುತ್ತಿದೆ. ಅದನ್ನು ಬಿಟ್ಟುಕೊಡುವುದು ನಷ್ಟವೇ ಸರಿ.

ಖಾಸಗಿ ಪಾಲಿಸಿ ಒಮ್ಮೆ ತಪ್ಪಿದರೆ, ಹೊಸದರಲ್ಲಿ ಹಳೆಯ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಎಪ್ಪತ್ತರ ನಂತರ ಅದು ಸಣ್ಣ ಮಾತಲ್ಲ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನವರು ದೊಡ್ಡ ಕಾಯಿಲೆಗೆ ಚಿತ್ರದುರ್ಗ ದಾಟಿ ದಾವಣಗೆರೆಗೋ ಬೆಂಗಳೂರಿಗೋ ಹೋಗುವುದುಂಟು. ನೀವು ಹೋಗುವ ಆಸ್ಪತ್ರೆಯಲ್ಲಿ ಈ ಕಾರ್ಡ್ ನಡೆಯುತ್ತದೆಯೇ, ನಿಮ್ಮ ಚಿಕಿತ್ಸೆಗೆ ಅನ್ವಯಿಸುತ್ತದೆಯೇ ಎಂದು ಅಲ್ಲಿನ ಆಯುಷ್ಮಾನ್ ಕೌಂಟರಿನಲ್ಲಿ ಕೇಳಿ. ಅಲ್ಲಿಯವರೆಗೆ ಹಳೆಯ ಕಂತು ಕಟ್ಟುತ್ತಿರಿ.