ದಿಗ್ಬಂಧನ ತೆರವಾದ ಮೇಲೆ

ಆರ್ಥಿಕ ದಿಗ್ಬಂಧನ ತೆರವಾಯಿತೆಂದರೆ ಎಲ್ಲರಿಗೂ ಸುಭಿಕ್ಷವೆಂದು ತಿಳಿಯುವುದು ವಾಡಿಕೆ. ಹೂಲಿ, ಸವದತ್ತಿ, ಬೈಲಹೊಂಗಲಗಳ ಎರೆಹೊಲಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1861ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ಬಂಡೆದ್ದ ದಕ್ಷಿಣ ಅಮೆರಿಕನ್ ಸಂಸ್ಥಾನಗಳ ಬಂದರುಗಳಿಗೆ ನೌಕಾ ದಿಗ್ಬಂಧನ ಘೋಷಿಸಿದರು. ಅರಳೆ ಸಿಗದ ಲ್ಯಾಂಕಾಶೈರಿನ ಗಿರಣಿಗಳು ಮುಂಬಯಿಯತ್ತ ತಿರುಗಿದವು. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಹತ್ತಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು.

1865ರಲ್ಲಿ ಯುದ್ಧ ಮುಗಿದು ದಿಗ್ಬಂಧನ ತೆರವಾಯಿತು. ಅಷ್ಟರಿಂದಲೇ ಆ ನಾಡು ಚೇತರಿಸಿಕೊಂಡಿತೆ? ಇಲ್ಲ. ಬಾಗಿಲು ತೆರೆದಿತ್ತು, ಮನೆ ಮುರಿದಿತ್ತು. ರೈಲುಹಳಿಗಳು ಹಾಳಾಗಿದ್ದವು, ಬಂಡವಾಳ ಬತ್ತಿತ್ತು, ಗುಲಾಮಗಿರಿ ಅಳಿದ ನೆಲದಲ್ಲಿ ದುಡಿಮೆಗೆ ಹೊಸ ಏರ್ಪಾಡು ಆಗಬೇಕಿತ್ತು. ಯುದ್ಧಪೂರ್ವದ ಫಸಲು ಮರಳುವ ವೇಳೆಗೆ 1870ರ ದಶಕ ಮುಗಿಯುತ್ತ ಬಂದಿತ್ತು.

ಧಾರಣೆ ಮಾತ್ರ ಅಷ್ಟು ಕಾಲ ಕಾಯಲಿಲ್ಲ. ಯುದ್ಧ ಮುಗಿದ ಸುದ್ದಿಗೇ ಕುಸಿಯಿತು. ಅದೇ ವರ್ಷ ಮುಂಬಯಿಯ ಷೇರುಪೇಟೆ ನೆಲಕಚ್ಚಿತು. ಅಲ್ಲಿನ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಳುಗಿತು. ಏರಿದ ಧಾರಣೆಯನ್ನು ನಂಬಿ ಸಾಲ ಮಾಡಿದವನಿಗೆ ಧಾರಣೆ ಇಳಿದರೂ ಸಾಲ ಇಳಿಯಲಿಲ್ಲ.

ದಿಗ್ಬಂಧನ ಹಾಕಿದವರೂ ತೆಗೆದವರೂ ಕಡಲಾಚೆಯವರು. ಅವರ ಹೆಸರನ್ನೇ ಕೇಳದ ಒಕ್ಕಲುಮಗನ ಹೆಸರಿನಲ್ಲಿ ಸಾವುಕಾರನ ಖಾತೆ ಬೆಳೆಯಿತು. ಇಂಥ ತೆರವುಗಳ ಲಾಭನಷ್ಟ ಬರೆಯುವ ಅರ್ಥಶಾಸ್ತ್ರ ಆ ಖಾತೆಯನ್ನೂ ತೆರೆದು ನೋಡಬೇಕು.