ಅಥೆನ್ಸಿನ ಕೊನೆಯ ‘ಸ್’

ಅಥೆನ್ಸ್ ಎಂಬ ಹೆಸರಿನ ಕೊನೆಗಿರುವ ‘ಸ್’ ಬಹುವಚನದ ಗುರುತು. ಪ್ರಾಚೀನ ಗ್ರೀಕರು ಆ ಊರನ್ನು ‘ಅಥೇನೈ’ ಎನ್ನುತ್ತಿದ್ದರು. ಊರು ಒಂದೇ, ಹೆಸರು ಮಾತ್ರ ಬಹುವಚನ. ಥೀಬ್ಸ್ ನಗರದ ಹೆಸರೂ ಹಾಗೆಯೇ. ಪ್ರಾಚೀನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯಲ್ಲಿ ಒಂದು ಕಡೆ ಏಕವಚನದ ‘ಅಥೇನೇ’ ಸಿಗುತ್ತದೆ. ಬಿಡಿಬಿಡಿ ಹಳ್ಳಿಗಳು ಕೂಡಿ ಊರಾದದ್ದರಿಂದ ಬಹುವಚನ ಬಂತು ಎನ್ನುವವರಿದ್ದಾರೆ, ಅದು ಊಹೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಹೆಸರಿನ ರೂಪಗಳು. ಪ್ರಾಚೀನ ಗ್ರೀಕಿನಲ್ಲಿ ನಮ್ಮ ‘ಗೆ’, ‘ಇಂದ’, ‘ಅಲ್ಲಿ’ಗಳ ಕೆಲಸವನ್ನು ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುವ ಬೇರೊಂದು ಪದ ಮಾಡುತ್ತಿತ್ತು. ಊರಿನ ಹೆಸರು, ಮನೆ ಎಂಬಂಥ ಕೆಲವು ಪದಗಳಲ್ಲಿ ಮಾತ್ರ ಇನ್ನೂ ಹಳೆಯ ಪ್ರತ್ಯಯಗಳು ಉಳಿದಿದ್ದವು. ಅಥೆನ್ಸಿಗೆ ಎನ್ನಲು ‘ಅಥೇನಾಜ್ದೆ’, ಅಥೆನ್ಸಿನಲ್ಲಿ ಎನ್ನಲು ‘ಅಥೇನೇಸಿ’, ಅಥೆನ್ಸಿನಿಂದ ಎನ್ನಲು ‘ಅಥೇನೇಥೆನ್’. ಪ್ರತ್ಯಯ ಹಚ್ಚಿಯೇ ಮಾತಾಡುವ ಕನ್ನಡಿಗರಿಗೆ ಇವು ತಟ್ಟನೆ ಒಗ್ಗುತ್ತವೆ.

ಈ ಮೂರರಲ್ಲಿ ‘ಅಥೇನೇಥೆನ್’ ಮಣ್ಣಿನ ಮೇಲೂ ಉಳಿದಿದೆ. ಅಥೆನ್ಸಿನಲ್ಲಿ ನಡೆಯುತ್ತಿದ್ದ ಪ್ಯಾನಥೀನಿಯ ಹಬ್ಬದ ಆಟಗಳಲ್ಲಿ ಗೆದ್ದವರಿಗೆ ದೊಡ್ಡ ಮಣ್ಣಿನ ಕೊಡಗಳಲ್ಲಿ ಆಲಿವ್ ಎಣ್ಣೆ ತುಂಬಿ ಕೊಡುತ್ತಿದ್ದರು. ಕೊಡದ ಒಂದು ಬದಿಗೆ ಶಸ್ತ್ರ ಹಿಡಿದ ಅಥೀನಾ ದೇವಿ, ಪಕ್ಕದಲ್ಲಿ ‘ಅಥೆನ್ಸಿನಿಂದ ಬಂದ ಬಹುಮಾನಗಳಲ್ಲಿ ಒಂದು’ ಎಂಬರ್ಥದ ಬರಹ. ಇಂಥ ಕೊಡಗಳು ಇಟಲಿಯ ಪ್ರಾಚೀನ ಎಟ್ರಸ್ಕನ್ ಜನರ ಸಮಾಧಿಗಳಲ್ಲಿಯೂ ಸಿಕ್ಕಿವೆ. ಸಮುದ್ರ ದಾಟಿ ಹೋದ ಪಾತ್ರೆಗೆ ಎಲ್ಲಿಂದ ಬಂದೆ ಎಂದು ಹೇಳಲು ಆ ಒಂದು ಪ್ರತ್ಯಯ ಸಾಕಾಯಿತು. ಇಷ್ಟು ಚಿಕ್ಕ ವ್ಯಾಕರಣರೂಪ ಇಷ್ಟು ದೂರ ಹೋದದ್ದು ನನಗೆ ಇಂದಿಗೂ ಬೆರಗು.

ಆಧುನಿಕ ಗ್ರೀಕರು ಈಗ ‘ಅಥೀನಾ’ ಎನ್ನುತ್ತಾರೆ, ಏಕವಚನದಲ್ಲಿ. 1976ರಲ್ಲಿ ಜನರಾಡುವ ಭಾಷೆ ಸರ್ಕಾರದ ಭಾಷೆಯಾದ ಮೇಲೆ ಹಳೆಯ ಬಹುವಚನ ಸರ್ಕಾರಿ ಬಳಕೆಯಿಂದಲೂ ಹಿಂದೆ ಸರಿಯಿತು. ಆದರೆ 1837ರಲ್ಲಿ ಶುರುವಾದ ಅಥೆನ್ಸ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಂದಿಗೂ ಬಹುವಚನದ ಷಷ್ಠಿಯೇ ಇದೆ: ‘ಅಥಿನೋನ್’.

ಆದ್ದರಿಂದ ಕನ್ನಡದಲ್ಲಿ ‘ಅಥೆನ್ಸ್’ ಬಿಟ್ಟು ‘ಅಥೀನಾ’ ಎಂದು ಬರೆಯುವುದೇ ಸರಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಂಗ್ಲಿಷಿನ ಮೂಲಕ ನಮಗೆ ಬಂದ ರೂಪ ಗ್ರೀಸಿನ ಆಡುಮಾತು ಕೈಬಿಟ್ಟ ಬಹುವಚನವನ್ನು ಉಳಿಸಿಕೊಂಡಿದೆ. ಅದು ಹಾಗೆಯೇ ಇರಲಿ.